ಚರ್ಚ್ ಗಂಟೆಯ ಶ್ರುತಿಗೆ ಸಿಂಥ್ ಕೂಡಿಸುವುದು

ಚರ್ಚ್ ಗಂಟೆಯ ಒಂದು ಒಳ್ಳೆಯ ರೆಕಾರ್ಡಿಂಗ್ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಅದನ್ನು ಸ್ಯಾಂಪ್ಲರ್‌ಗೆ (ರೆಕಾರ್ಡಾದ ಸದ್ದನ್ನು ಕೀಲಿಗಳಿಂದ ನುಡಿಸುವ ಸಾಧನ) ಹಾಕಿ, ಕೀಬೋರ್ಡಿನ ಉದ್ದಕ್ಕೂ ಹರಡಿ, ಒಂದು ಮೇಜರ್ ಕಾರ್ಡ್ ಒತ್ತುತ್ತಾರೆ. ಕೇಳಿಸುವುದು ಅಟ್ಟದಿಂದ ಪಾತ್ರೆ ಉರುಳಿದ ಸದ್ದು. ತಪ್ಪು ಮೈಕಿನದು ಎಂದುಕೊಂಡು ಈಕ್ಯೂ (ಆವೃತ್ತಿಗಳ ಮಟ್ಟ ಏರಿಳಿಸುವ ಸಾಧನ) ತಿರುಗಿಸುತ್ತಾರೆ, ರಿವರ್ಬ್ (ಕೃತಕ ಪ್ರತಿಧ್ವನಿ) ಸುರಿಯುತ್ತಾರೆ, ಪಿಚ್ ತಿದ್ದುವ ಪ್ಲಗಿನ್ ಹಾಕುತ್ತಾರೆ. ಯಾವುದೂ ನಾಟುವುದಿಲ್ಲ. ಗಂಟೆಯ ಒಂದು ಪೆಟ್ಟಿನಲ್ಲೇ ಏಳೆಂಟು ಸ್ವರಗಳ ಮೇಳವಿದೆ, ಅದಕ್ಕೆ ತನ್ನದೇ ಶ್ರುತಿಯಿದೆ. ಮೊದಲು ಆ ಮೇಳದ ಲೆಕ್ಕ ತೆಗೆದು, ಸಿಂಥ್ (ಸದ್ದನ್ನು ವಿದ್ಯುನ್ಮಾನವಾಗಿ ಹುಟ್ಟಿಸುವ ವಾದ್ಯ) ಮೊದಲಾದ ಉಳಿದ ವಾದ್ಯಗಳನ್ನು ಅದಕ್ಕೆ ಕೂಡಿಸಿಕೊಂಡರೆ ಈಕ್ಯೂ ಮುಟ್ಟುವ ಅಗತ್ಯವೇ ಅಪರೂಪ.

ಚರ್ಚ್ ಗಂಟೆಯನ್ನು ಎರಕ ಹೊಯ್ಯುವುದು ಕಂಚಿನಲ್ಲಿ. ಸುಮಾರು ಶೇ. 77ರಿಂದ 80ರಷ್ಟು ತಾಮ್ರ, ಉಳಿದದ್ದು ತವರ. ಬಾಯಿಯ ಅಂಚು ದಪ್ಪ, ನಡು ತೆಳು. ಯಾವ ಉಪಸ್ವರ (ಒಂದೇ ಸದ್ದಿನೊಳಗಿನ ಬಿಡಿ ಸ್ವರ) ಎಲ್ಲಿ ಕೂರಬೇಕೆಂದು ಗೊತ್ತು ಮಾಡುವುದು ಈ ಆಕಾರವೇ. ತಂತಿಯ ಉಪಸ್ವರಗಳು ಒಂದು, ಎರಡು, ಮೂರು ಎಂದು ಪೂರ್ಣಾಂಕಗಳಲ್ಲಿ ಏರುತ್ತವೆ. ಗಂಟೆಯವು ಹಾಗೆ ಏರುವುದಿಲ್ಲ. ನಮ್ಮ ಸ್ವರಗಳ ಹೆಸರಿನಲ್ಲೇ ಹೇಳುವುದಾದರೆ, ಚೆನ್ನಾಗಿ ಶ್ರುತಿ ಮಾಡಿದ ಗಂಟೆಯಲ್ಲಿ ಕೆಳಗಿನಿಂದ ಮೇಲಕ್ಕೆ ಮಂದ್ರ ಷಡ್ಜ, ಮಧ್ಯ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ತಾರ ಷಡ್ಜ ಸಾಲಾಗಿ ನಿಂತಿರುತ್ತವೆ. ಎರಕದವರು ಇವನ್ನು ಹಮ್, ಪ್ರೈಮ್, ಟಿಯರ್ಸ್, ಕ್ವಿಂಟ್, ನಾಮಿನಲ್ ಎನ್ನುತ್ತಾರೆ. ಪ್ರೈಮನ್ನು 1 ಎಂದಿಟ್ಟುಕೊಂಡರೆ ಅನುಪಾತ 0.5, 1, 1.2, 1.5, 2. ಇವುಗಳ ಮೇಲೆ 2.5ರ ಆಸುಪಾಸಿನಲ್ಲಿ ಒಂದು, 3ರ ಹತ್ತಿರ ಒಂದು, 4ಕ್ಕಿಂತ ತುಸು ಮೇಲೆ ಇನ್ನೊಂದು ಸಿಗುತ್ತವೆ. ಅದರಾಚೆಗಿನವು ಪೆಟ್ಟಿನ ಕ್ಷಣದಲ್ಲಿ ಮಿಂಚಿ ಮಾಯವಾಗುತ್ತವೆ.

ಮೇಜರ್ ಕಾರ್ಡ್ ಯಾಕೆ ಕೆಡುತ್ತದೆ ಎಂಬುದಕ್ಕೆ ಉತ್ತರ ಆ ಸಾಧಾರಣ ಗಾಂಧಾರದಲ್ಲಿದೆ. ಷಡ್ಜ 220 ಹರ್ಟ್ಸ್ ಇರುವ ಗಂಟೆಯೊಳಗೆ 263 ಹರ್ಟ್ಸ್ ಸುಮಾರಿಗೆ ಒಂದು ಗಾಂಧಾರ ಜೋರಾಗಿಯೇ ಮೊಳಗುತ್ತಿರುತ್ತದೆ. ಮೇಲಿಂದ ನೀವು ಮೇಜರ್ ಕಾರ್ಡಿನ 275 ಹರ್ಟ್ಸಿನ ಅಂತರ ಗಾಂಧಾರ ಒತ್ತಿದರೆ ಎರಡರ ನಡುವೆ ಸೆಕೆಂಡಿಗೆ 12 ಬೀಟು (ಮಟ್ಟದ ಏರಿಳಿತ) ಹುಟ್ಟುತ್ತದೆ. ಕಿವಿಗೆ ಅದು ಗರಗರ. ಮೈನರ್ ಕಾರ್ಡ್ ಅಷ್ಟು ಒರಟಲ್ಲ, ಆದರೆ ಅದರ ಗಾಂಧಾರದ ಗಂಟೆಯೊಳಗೂ ಮತ್ತೊಂದು ಸಾಧಾರಣ ಗಾಂಧಾರ ಇದೆ ಎಂಬುದು ನೆನಪಿರಲಿ. 1980ರ ದಶಕದಲ್ಲಿ ನೆದರ್ಲೆಂಡ್ಸಿನಲ್ಲಿ ಆಕಾರವನ್ನೇ ಬದಲಿಸಿ ಅಂತರ ಗಾಂಧಾರದ ಗಂಟೆಗಳನ್ನು ಎರಕ ಹೊಯ್ದದ್ದು ಈ ತೊಡಕಿಗಾಗಿಯೇ.

ಇನ್ನೊಂದು ವಿಚಿತ್ರವಿದೆ. ಗಂಟೆ ಬಡಿದಾಗ ‘ಇದು ಇಂಥ ಸ್ವರ’ ಎಂದು ಕಿವಿ ಗುರುತಿಸುತ್ತದಲ್ಲ, ಆ ಆವೃತ್ತಿಯಲ್ಲಿ ಕಂಚು ಕಂಪಿಸಲೇಬೇಕೆಂದಿಲ್ಲ. ನಾಮಿನಲ್ ಮತ್ತು ಅದರ ಮೇಲೆ 3, 4ರ ಹತ್ತಿರವಿರುವ ಎರಡು ಉಪಸ್ವರಗಳು ಹೆಚ್ಚುಕಡಿಮೆ 2:3:4ರ ಅನುಪಾತದಲ್ಲಿರುವುದರಿಂದ ಮಿದುಳು ಅವುಗಳಿಗೊಂದು ಆಧಾರ ಷಡ್ಜವನ್ನು ಕಲ್ಪಿಸಿಕೊಳ್ಳುತ್ತದೆ. ಅದು ನಾಮಿನಲ್‌ಗಿಂತ ಸುಮಾರು ಒಂದು ಸ್ಥಾಯಿ ಕೆಳಗೆ ಬೀಳುತ್ತದೆ. ಇದರ ಪ್ರಾಯೋಗಿಕ ಪರಿಣಾಮ ದೊಡ್ಡದು: ಟ್ಯೂನರ್ ಪ್ಲಗಿನ್‌ಗಳು ಗಂಟೆಯ ಮುಂದೆ ತಡವರಿಸುತ್ತವೆ, ಒಮ್ಮೆ ಗಾಂಧಾರ ತೋರಿಸುತ್ತವೆ, ಒಮ್ಮೆ ಹಮ್. ಮೇಲಿನ ಉಪಸ್ವರಗಳನ್ನು ಲೋ-ಪಾಸ್ ಫಿಲ್ಟರಿನಿಂದ ಕತ್ತರಿಸಿದರೆ ಸ್ವರವೇ ಬೇರೆಡೆ ಜಾರಿದಂತೆ ಕೇಳುತ್ತದೆ. ಫಿಲ್ಟರ್ ತೆರೆಯುತ್ತಾ ಮುಚ್ಚುತ್ತಾ ಹೋದಾಗ ಗಂಟೆಯ ಪಿಚ್ ಕದಲುವುದನ್ನು ದೋಷವೆಂದು ನೋಡದೆ ಸಾಮಗ್ರಿಯಾಗಿ ಬಳಸಬಹುದು, ಬಳಸಬೇಕು ಕೂಡ.

ಎಲ್ಲ ಗಂಟೆಗಳೂ ಈ ಅನುಪಾತಕ್ಕೆ ಬದ್ಧವಲ್ಲ. ಗಂಟೆ ಎರಕದವರಾದ ಫ್ರಾನ್ಸ್ವಾ ಮತ್ತು ಪೀಟರ್ ಹೆಮೊನಿ ಸಹೋದರರು ಯಾಕೊಬ್ ವಾನ್ ಐಕ್ ಎಂಬ ಕುರುಡ ಗಂಟೆವಾದಕನ ನೆರವಿನಿಂದ 1644ರಲ್ಲಿ ನೆದರ್ಲೆಂಡ್ಸಿನ ಜುಟ್‌ಫನ್ ಊರಿನ ಗಂಟೆಗಳನ್ನು ಶ್ರುತಿ ಮಾಡಿದರು. ಗಂಟೆಯನ್ನು ಮಗುಚಿ ಒಳಗೋಡೆಯ ಲೋಹ ಹೆರೆಯುವ ಆ ವಿದ್ಯೆ ಮುಂದೆ ಮರೆತೇಹೋಗಿ, ಇಂಗ್ಲೆಂಡಿನಲ್ಲಿ 19ನೇ ಶತಮಾನದ ಕೊನೆಗೆ ಪಾದ್ರಿ ಆರ್ಥರ್ ಸಿಂಪ್ಸನ್ ಅವರ ಬರಹಗಳಿಂದ ಮತ್ತೆ ಚಾಲ್ತಿಗೆ ಬಂತು. ಹಾಗಾಗಿ ಹಳೆಯ ಗಂಟೆಗಳಲ್ಲಿ ಹಮ್ ಸರಿಯಾದ ಸ್ಥಾಯಿಯಲ್ಲಿ ಇರದೆ ಅದಕ್ಕಿಂತ ಏರಿಯೋ ಇಳಿದೋ ಇರುವುದು ಸಾಮಾನ್ಯ. ಸಂಗೀತ ಕಟ್ಟುವವರಿಗೆ ಇಂಥ ‘ಕೆಟ್ಟ’ ಗಂಟೆಯೇ ಹೆಚ್ಚು ರುಚಿ, ಇದು ನನ್ನ ಪಕ್ಷಪಾತ. ಆದರೆ ಪುಸ್ತಕದ ಅನುಪಾತ ನಂಬಿ ಕೂತರೆ ಲೆಕ್ಕ ತಪ್ಪುತ್ತದೆ. ಅಳೆದೇ ನೋಡಬೇಕು.

ರೆಕಾರ್ಡಿಂಗ್

ಕನ್ನಡದಲ್ಲಿ ಗಂಟೆ ಎಂದರೆ ಹೊತ್ತೂ ಹೌದು. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಗಡಿಯಾರದ ಗಂಟೆ ಬಡಿಯುವಾಗ ಎರಡು ಪೆಟ್ಟುಗಳ ನಡುವೆ ಎರಡು-ನಾಲ್ಕು ಸೆಕೆಂಡಷ್ಟೇ ಬಿಡುವು. ದೊಡ್ಡ ಗಂಟೆಯ ಗುಂಗು ಅರ್ಧ ನಿಮಿಷ ದಾಟುತ್ತದೆ. ಹಾಗಾಗಿ 12 ಬಾರಿ ಬಡಿದಾಗ ಕೊನೆಯ ಪೆಟ್ಟಿನ ಗುಂಗು ಮಾತ್ರ ಪೂರ್ತಿ ಸಿಗುತ್ತದೆ, ಅದರ ಅಡಿಯಲ್ಲೂ ಹಿಂದಿನ 11 ಪೆಟ್ಟುಗಳ ಹಮ್ ಕೂಡಿಕೊಂಡಿರುತ್ತದೆ. ಶುದ್ಧ ಸ್ಯಾಂಪಲ್ ಬೇಕಿದ್ದರೆ ಒಂದು ಗಂಟೆಯ ಹೊತ್ತಿಗೆ ಮೈಕು ಸಿದ್ಧವಿರಲಿ. ಒಂದೇ ಪೆಟ್ಟು, ಆಮೇಲೆ ಮೌನ. ಮಧ್ಯಾಹ್ನ ಒಂದಕ್ಕಿಂತ ರಾತ್ರಿ ಒಂದು ಮೇಲು, ರಸ್ತೆಯ ಗದ್ದಲ ಇರುವುದಿಲ್ಲ. ಕಾಲು ಗಂಟೆಗೊಮ್ಮೆ ಸಣ್ಣ ಗಂಟೆಗಳು ನುಡಿಯುವ ಗೋಪುರವಾದರೆ ಅವುಗಳ ಗುಂಗು ಒಂದರ ಪೆಟ್ಟಿಗೂ ಅಂಟಿಕೊಳ್ಳುತ್ತದೆ. ಆಗ ಉಸ್ತುವಾರಿಯವರನ್ನು ಕೇಳಿ, ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಹಾಕಿಸಿಕೊಳ್ಳುವುದು ಬಿಟ್ಟು ಬೇರೆ ದಾರಿಯಿಲ್ಲ. ನಾಲಗೆ, ಸುತ್ತಿಗೆ ಎರಡರ ಪೆಟ್ಟನ್ನೂ ಬೇರೆ ಬೇರೆಯಾಗಿ ಹಿಡಿದಿಡಿ. ನಾಲಗೆ ಒಳಗಿನಿಂದ ಬಡಿಯುತ್ತದೆ, ಗಡಿಯಾರದ ಸುತ್ತಿಗೆ ಸಾಮಾನ್ಯವಾಗಿ ಹೊರಗಿನಿಂದ. ಎರಡರ ‘ಢಣ್’ ಬೇರೆ.

ಅನುಮತಿ ಇಲ್ಲದೆ ಗೋಪುರ ಹತ್ತಬೇಡಿ. ಶಿಷ್ಟಾಚಾರಕ್ಕೆ ಮಾತ್ರ ಹೇಳುತ್ತಿಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಪೂರ್ತಿ ಸುತ್ತು ತಿರುಗುವ ಗಂಟೆಗಳನ್ನು ಕೆಲವೊಮ್ಮೆ ಬಾಯಿ ಮೇಲಾಗಿ ನಿಲ್ಲಿಸಿರುತ್ತಾರೆ. ನೂರಾರು ಕಿಲೋ ತೂಕದ ಕಂಚು ಒಂದು ಹಗ್ಗ ಮುಟ್ಟಿದರೆ ಉರುಳುತ್ತದೆ. ಸ್ವಯಂಚಾಲಿತ ಗಡಿಯಾರವಿದ್ದಲ್ಲಿ ಸುತ್ತಿಗೆ ಮುನ್ಸೂಚನೆ ಕೊಡದೆ ಬೀಳುತ್ತದೆ. ಗಂಟೆಗೂಡಿನೊಳಗೆ ಸದ್ದು 110-120 ಡೆಸಿಬೆಲ್ ಮುಟ್ಟಬಹುದು, ಕಿವಿಗೆ ಪ್ಲಗ್ ಇಲ್ಲದೆ ನಿಲ್ಲಬಾರದು. ಮೈಕು ನಿಲ್ಲಿಸಿ, ರೆಕಾರ್ಡರ್ ಚಾಲೂ ಮಾಡಿ, ಕೆಳಗಿಳಿದು ಬರುವುದು ಒಳ್ಳೆಯದು. ನಿಮ್ಮ ಉಸಿರಾಟ, ಜಾಕೆಟ್ಟಿನ ಸರಪರವೂ ಆಗ ಟ್ರ್ಯಾಕಿನಲ್ಲಿ ಇರುವುದಿಲ್ಲ.

ಮೈಕು ಇಡುವ ಜಾಗ ಎಲ್ಲಕ್ಕಿಂತ ಮುಖ್ಯ. ಗಂಟೆಯ ಬಾಯಿ ಕಂಪಿಸುವಾಗ ಒಂದೆಡೆ ಹೊರಗೆ ಉಬ್ಬಿದರೆ ಪಕ್ಕದಲ್ಲಿ ಒಳಗೆ ಕುಗ್ಗುತ್ತದೆ. ನಡುವೆ ಕಂಪಿಸದೆ ನಿಲ್ಲುವ ಗೆರೆಗಳಿರುತ್ತವೆ: ಹಮ್ ಮತ್ತು ಪ್ರೈಮ್‌ಗೆ ಸುತ್ತಲೂ ನಾಲ್ಕು, ಟಿಯರ್ಸ್ ಮತ್ತು ಕ್ವಿಂಟ್‌ಗೆ ಆರು, ನಾಮಿನಲ್‌ಗೆ ಎಂಟು. ಪೆಟ್ಟು ಬಿದ್ದ ಜಾಗದ ನೇರಕ್ಕೆ ಒಂದು ಮೀಟರ್ ಒಳಗೆ ಮೈಕಿಟ್ಟರೆ ಮುಖ್ಯ ಸ್ವರಗಳೆಲ್ಲ ಜೋರು. ಅಲ್ಲಿಂದ 45 ಡಿಗ್ರಿ ಸರಿದರೆ ಹಮ್ ಸೊರಗಿ ನಾಮಿನಲ್ ಮುಂದೆ ಬರುತ್ತದೆ, 22.5 ಡಿಗ್ರಿ ಸರಿದರೆ ನಾಮಿನಲ್ ಸೊರಗುತ್ತದೆ. ಈಕ್ಯೂ ಮಾಡಲಾಗದ ಕೆಲಸವನ್ನು ಎರಡು ಹೆಜ್ಜೆ ಮಾಡುತ್ತದೆ. ತೀರಾ ಕೆಟ್ಟ ಜಾಗವೆಂದರೆ ಬಾಯಿಯ ನಟ್ಟನಡುವಿನ ಕೆಳಗೆ. ನೋಡಲು ಸಹಜ ಎನಿಸುವ ಜಾಗ ಅದು, ಆದರೆ ಉಬ್ಬಿದ ಭಾಗ ಮತ್ತು ಕುಗ್ಗಿದ ಭಾಗದ ಒತ್ತಡಗಳು ಅಲ್ಲಿ ಒಂದನ್ನೊಂದು ನುಂಗಿಹಾಕುತ್ತವೆ.

ಜೋಡಿ ಮೈಕುಗಳಲ್ಲಿ ಒಂದನ್ನು ಗೂಡಿನಲ್ಲಿ, ಇನ್ನೊಂದನ್ನು ಗೂಡಿನ ಕೆಳಗಿನ ಕೋಣೆಯಲ್ಲಿ ಇಡಬಹುದು. ಮರದ ನೆಲ ಮೇಲಿನ ಆವೃತ್ತಿಗಳನ್ನು ತಡೆಯುವುದರಿಂದ ಕೆಳಗೆ ಮೆತ್ತನೆಯ, ಹಮ್ ತುಂಬಿದ ಸದ್ದು ಬರುತ್ತದೆ. ಮೂರನೆಯದು ಹೊರಗೆ, 30ರಿಂದ 100 ಮೀಟರ್ ದೂರದಲ್ಲಿ. ಅಲ್ಲಿ ಗಾಳಿ ಶತ್ರು: ಸ್ಪಂಜಿನ ಟೋಪಿ ಸಾಲದು, ತುಪ್ಪಳದ ಹೊದಿಕೆ ಬೇಕು. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 34 ಮೀಟರ್ ದೂರದ ಟ್ರ್ಯಾಕನ್ನು 100 ಮಿಲಿಸೆಕೆಂಡ್ ಹಿಂದಕ್ಕೆಳೆದರೆ ಗೂಡಿನ ಟ್ರ್ಯಾಕಿಗೆ ಹೊಂದುತ್ತದೆ. ಹೊಂದಿಸದೆ ಬಿಟ್ಟರೂ ತಪ್ಪಿಲ್ಲ, ಆ ತಡವೇ ಗೋಪುರದ ಎತ್ತರವನ್ನು ಕಿವಿಗೆ ಹೇಳುತ್ತದೆ.

130 ಡೆಸಿಬೆಲ್ ಅಥವಾ ಹೆಚ್ಚು ತಾಳುವ ಸಣ್ಣ ಡಯಾಫ್ರಮ್ ಕಂಡೆನ್ಸರ್ ಮೈಕು ಸಾಕು. ಪ್ಯಾಡ್ (ಮಟ್ಟ ಇಳಿಸುವ ಗುಂಡಿ) ಇದ್ದರೆ ಹಾಕಿ. 24 ಬಿಟ್‌ನಲ್ಲಿ ಅತಿ ಜೋರಿನ ಪೆಟ್ಟು −12 ಡೆಸಿಬೆಲ್ ಸುಮಾರಿಗೆ ಬರುವಂತೆ ಗೇನ್ ಇಡಿ. 32 ಬಿಟ್ ಫ್ಲೋಟ್ ರೆಕಾರ್ಡರ್ ಇದೆಯೆಂದು ನಿಶ್ಚಿಂತರಾಗಬೇಡಿ. ರೆಕಾರ್ಡರ್ ತುಂಬಿ ಹರಿಯದಿದ್ದರೂ ಮೈಕಿನ ಕ್ಯಾಪ್ಸೂಲ್ ಒಡೆದ ಸದ್ದು ಕೊಟ್ಟರೆ ಅದನ್ನು ಯಾವ ಫೈಲೂ ವಾಪಸ್ ಕೊಡುವುದಿಲ್ಲ. ಸ್ಯಾಂಪಲ್ ದರ 96 ಕಿಲೋಹರ್ಟ್ಸ್ ಇರಲಿ. 48ರಲ್ಲಿ ಹಿಡಿದದ್ದನ್ನು ಒಂದು ಸ್ಥಾಯಿ ಇಳಿಸಿದರೆ 12 ಕಿಲೋಹರ್ಟ್ಸ್ ಮೇಲೆ ಏನೂ ಉಳಿಯುವುದಿಲ್ಲ, ಎರಡು ಸ್ಥಾಯಿ ಇಳಿಸಿದರೆ 6. ಗಂಟೆಯನ್ನು ಇಳಿಸದೆ ಯಾರೂ ಬಿಡುವುದಿಲ್ಲ ಎಂಬುದು ಗೊತ್ತಿರುವ ವಿಷಯ.

ಚೌಕಟ್ಟಿನ ಮರಕ್ಕೆ ಅಂಟಿಸುವ ಪೀಜೋ ಮೈಕಿನಿಂದ (ಗಾಳಿಯ ಬದಲು ಮರದ ಕಂಪನ ಹಿಡಿಯುವ ಬಿಲ್ಲೆ) ಬೇರೆಯೇ ಲೋಕ ಸಿಗುತ್ತದೆ. ಮರದ ಕಿರುಗುಟ್ಟುವಿಕೆ, ಹಗ್ಗದ ಉಜ್ಜು, ಸುತ್ತಿಗೆ ಎತ್ತುವ ತಂತಿಯ ಟಿಕ್, ಎಲ್ಲವೂ ತಾಳವಾದ್ಯಕ್ಕೆ ಒದಗುತ್ತವೆ. ಇಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ: ಪೀಜೋವನ್ನು ಮಿಕ್ಸರಿನ ಸಾಧಾರಣ ಲೈನ್ ಇನ್‌ಪುಟ್ಟಿಗೆ ಚುಚ್ಚಿ, ಸದ್ದು ತಗಡಿನಂತಿದೆ ಎಂದು ದೂರುವುದು. 20 ನ್ಯಾನೋಫ್ಯಾರಡ್ ಪೀಜೋ 10 ಕಿಲೋಓಮ್ ಇನ್‌ಪುಟ್ಟಿಗೆ ಸೇರಿದಾಗ ಸುಮಾರು 800 ಹರ್ಟ್ಸಿನ ಕೆಳಗಿನದ್ದೆಲ್ಲ ಸೋರಿಹೋಗುತ್ತದೆ. ಅದೇ ಪೀಜೋ 1 ಮೆಗಾಓಮ್ ಇನ್‌ಪುಟ್ಟಿಗೆ ಸೇರಿದರೆ ಆ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಗಿಟಾರಿಗೆಂದು ಇರುವ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಸಾಕು.

ತೂಗಾಡುವ ಗಂಟೆಯ ಸದ್ದು ಸೊಗಸು, ಆದರೆ ಬಾಯಿ ನಿಮ್ಮ ಕಡೆ ಬಂದು ಹೋಗುವಾಗ ಡಾಪ್ಲರ್ ಪರಿಣಾಮದಿಂದ ಆವೃತ್ತಿ ಏರಿಳಿಯುತ್ತದೆ. ಅಳತೆಗೆ, ಸ್ಯಾಂಪ್ಲರ್‌ಗೆ ನಿಂತ ಗಂಟೆ. ಹಿನ್ನೆಲೆಯ ವಾತಾವರಣಕ್ಕೆ ತೂಗುವ ಗಂಟೆ.

ಅಳತೆ

ಮೊದಲು ಶುಚಿ. ಹಮ್ 110 ಹರ್ಟ್ಸಿದ್ದರೆ 70ರಲ್ಲಿ ಹೈ-ಪಾಸ್ ಹಾಕಿದರೆ ವಾಹನಗಳ ಗುಡುಗು ಹೋಗುತ್ತದೆ. ನಾಯ್ಸ್ ರಿಡಕ್ಷನ್‌ನಿಂದ ಮಾತ್ರ ದೂರವಿರಿ. ಗುಂಗಿನ ಕೊನೆಯ ಭಾಗ ಗದ್ದಲದ ಮಟ್ಟಕ್ಕೆ ಇಳಿಯುತ್ತಿದ್ದಂತೆ ಆ ಪ್ಲಗಿನ್‌ಗೆ ಯಾವುದು ಗಂಟೆ ಯಾವುದು ಗದ್ದಲ ಎಂದು ತಿಳಿಯದೆ, ನೀರೊಳಗೆ ಗುಳುಗುಳು ಎಂದಂತೆ ಆಗುತ್ತದೆ. ಗುಂಗಿನ ಕೊನೆ ಕೊಳಕಾಗಿದ್ದರೆ ಅದನ್ನು ಕತ್ತರಿಸಿ, ಮುಂದೆ ಹೇಳುವಂತೆ ಸೈನ್ ತರಂಗಗಳಿಂದ ಮರುಕಟ್ಟಿ ಜೋಡಿಸುವುದೇ ಮೇಲು.

ಉಪಸ್ವರಗಳನ್ನು ಓದಲು ಆಡಾಸಿಟಿಯ ಸ್ಪೆಕ್ಟ್ರಮ್ ಕಿಟಕಿ ಸಾಕು. ಸೋನಿಕ್ ವಿಶುವಲೈಸರ್, ಸ್ಪಿಯರ್ ಇನ್ನೂ ಅನುಕೂಲ, ಎರಡೂ ಉಚಿತ. ಪೆಟ್ಟು ಬಿದ್ದು ಅರ್ಧ ಸೆಕೆಂಡಿನ ನಂತರದ ಭಾಗವನ್ನು ಆರಿಸಿ, ಇಲ್ಲದಿದ್ದರೆ ಢಣ್‌ನ ಗದ್ದಲವೇ ಚಿತ್ರ ತುಂಬುತ್ತದೆ. 48 ಕಿಲೋಹರ್ಟ್ಸಿನಲ್ಲಿ 65536 ಬಿಂದುಗಳ ಎಫ್‌ಎಫ್‌ಟಿ (ಸದ್ದನ್ನು ಆವೃತ್ತಿಗಳಾಗಿ ಬಿಡಿಸುವ ಲೆಕ್ಕ) 1.37 ಸೆಕೆಂಡಿನ ತುಣುಕು ನೋಡಿ 0.73 ಹರ್ಟ್ಸಿನ ಹೆಜ್ಜೆಯಲ್ಲಿ ಉತ್ತರ ಕೊಡುತ್ತದೆ. ಹ್ಯಾನ್ ವಿಂಡೋ ಹಾಕಿದಾಗ 3 ಹರ್ಟ್ಸ್‌ಗಿಂತ ಹತ್ತಿರದ ಎರಡು ಸ್ವರಗಳು ಒಂದೇ ಗುಡ್ಡವಾಗಿ ಕಾಣುತ್ತವೆ. ಅದು ಇಲ್ಲಿ ಮುಖ್ಯ, ಯಾಕೆಂದರೆ ಯಾವ ಎರಕವೂ ಪೂರ್ತಿ ದುಂಡಗಿರುವುದಿಲ್ಲ. ಆ ಸಣ್ಣ ಓರೆಯಿಂದ ಪ್ರತಿ ಉಪಸ್ವರವೂ ಒಂದಕ್ಕೊಂದು ಅಂಟಿಕೊಂಡ ಜೋಡಿಯಾಗಿ ಒಡೆಯುತ್ತದೆ. ಗಂಟೆಯ ಗುಂಗು ‘ವಂವ್ ವಂವ್’ ಎಂದು ತೂಗುವುದು ಇದರಿಂದಲೇ. ಆ ಜೋಡಿಯನ್ನು ಎಫ್‌ಎಫ್‌ಟಿಯಲ್ಲಿ ಹುಡುಕದೆ, ಉಪಸ್ವರವೊಂದನ್ನೇ ಬ್ಯಾಂಡ್-ಪಾಸಿನಿಂದ ಬೇರ್ಪಡಿಸಿ ಬೀಟುಗಳನ್ನು ಎಣಿಸಿ. ಎರಡು ಸೆಕೆಂಡಿಗೊಂದು ಬೀಟು ಎಂದರೆ ಅಂತರ 0.5 ಹರ್ಟ್ಸ್.

ಆಮೇಲೆ ನಾಲ್ಕು ಸೆಕೆಂಡು ಮುಂದೆ ಹೋಗಿ ಅದೇ ಅಳತೆ ಮತ್ತೊಮ್ಮೆ. ಪ್ರತಿ ಉಪಸ್ವರ ಎಷ್ಟು ಡೆಸಿಬೆಲ್ ಇಳಿದಿದೆ ನೋಡಿ. ಹಮ್ 4 ಸೆಕೆಂಡಿನಲ್ಲಿ 6 ಡೆಸಿಬೆಲ್ ಇಳಿದಿದ್ದರೆ 60 ಡೆಸಿಬೆಲ್ ಇಳಿಯಲು 40 ಸೆಕೆಂಡು ಬೇಕು. ನಾಮಿನಲ್ 24 ಇಳಿದಿದ್ದರೆ 10 ಸೆಕೆಂಡು. ಬೀಟು ಜೋರಿರುವ ಗಂಟೆಯಲ್ಲಿ ಒಂದು ಅಳತೆ ಬೀಟಿನ ಶಿಖರದಲ್ಲೂ ಇನ್ನೊಂದು ಕಣಿವೆಯಲ್ಲೂ ಬಿದ್ದು ಲೆಕ್ಕ ಹಾಳಾಗಬಹುದು, ಅಂಥ ಕಡೆ ಮೂರು-ನಾಲ್ಕು ಅಳತೆ ತೆಗೆದು ಸರಾಸರಿ ನೋಡಿ.

ಒಂದು ಕಾಲ್ಪನಿಕ ಗಂಟೆಯ ಪಟ್ಟಿ ಹೀಗಿರಲಿ: ಹಮ್ 110, ಪ್ರೈಮ್ 219, ಟಿಯರ್ಸ್ 263, ಕ್ವಿಂಟ್ 331, ನಾಮಿನಲ್ 440, ಮೇಲಿನವು 550, 662, 917 ಹರ್ಟ್ಸ್. ನಾಮಿನಲ್‌ನ ಅರ್ಧ 220ನ್ನು ಷಡ್ಜವಾಗಿಟ್ಟು ಎಲ್ಲವನ್ನೂ ಒಂದೇ ಸ್ಥಾಯಿಯೊಳಗೆ ಮಡಿಸೋಣ. ಸೆಂಟ್‌ಗಳಲ್ಲಿ (ಒಂದು ಸ್ಥಾಯಿಗೆ 1200 ಸೆಂಟ್) 0, 71, 309, 386, 707 ಬರುತ್ತವೆ, 8 ಸೆಂಟ್ ಇಳಿದಿರುವ ಪ್ರೈಮನ್ನೂ 0 ಎಂದೇ ಎಣಿಸಿದೆ. ಅಂದರೆ ಷಡ್ಜದ ಪಕ್ಕ ಇಳಿದ ರಿಷಭದಂಥದ್ದೊಂದು, ಸಾಧಾರಣ ಗಾಂಧಾರ, ಮೇಲಿನ ಸ್ಥಾಯಿಯಿಂದ ಬಂದ ಅಂತರ ಗಾಂಧಾರ, ತುಸು ಏರಿದ ಪಂಚಮ. ಕೃತಿಯ ಸ್ವರಗಳು ಇವೇ. ಈ ಸಂಖ್ಯೆಗಳನ್ನು ಸ್ಕೇಲಾ ಫೈಲಾಗಿ (ಶ್ರುತಿಯ ಪಟ್ಟಿ ಇಡುವ ಫೈಲ್) ಬರೆದು, ಅದನ್ನು ಓದಬಲ್ಲ ಸಿಂಥ್‌ಗೆ ಕೊಟ್ಟರೆ ಒಂದು ಸಾದಾ ಸೈನ್ ತರಂಗದ ಬೇಸ್ ಕೂಡ ಗಂಟೆಯೊಳಗಿನಿಂದಲೇ ಎದ್ದು ಬಂದಂತೆ ಕೇಳುತ್ತದೆ. ಸಿಂಥ್‌ಗೆ ಆ ಸೌಲಭ್ಯ ಇಲ್ಲದಿದ್ದರೆ ಪ್ರತಿ ಸ್ವರಕ್ಕೂ ಪಿಚ್ ಬೆಂಡ್ ಬರೆಯಬೇಕು. ಬೇಸರದ ಕೆಲಸ, ಆದರೆ ಐದು ಸ್ವರಕ್ಕೆ ಅದೇನು ಹೊರೆಯಲ್ಲ. ಎರಡು ಗಾಂಧಾರಗಳನ್ನು ಒಂದೇ ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸಬೇಡಿ. ಗಂಟೆಯಲ್ಲಿ ಅವು ಒಂದು ಸ್ಥಾಯಿ ದೂರ ಇರುವುದಕ್ಕೇ ಹೊಂದಿಕೊಂಡಿವೆ.

ಗಂಟೆಯನ್ನೇ ಬೇರೆ ಬೇರೆ ಎತ್ತರದಲ್ಲಿ ನುಡಿಸಬೇಕಾದಾಗಲೂ ಇದೇ ಪಟ್ಟಿ ದಾರಿ ತೋರಿಸುತ್ತದೆ. 707 ಸೆಂಟ್ ಏರಿಸಿದ ಪ್ರತಿಯ ಹಮ್ ಮತ್ತು ಪ್ರೈಮ್ ಮೂಲ ಗಂಟೆಯ ಪಂಚಮಗಳ ಸಾಲಿಗೆ ಕೂರುತ್ತವೆ. 309 ಏರಿಸಿದ್ದರ ಪ್ರೈಮ್ ಮೂಲದ ಟಿಯರ್ಸ್‌ಗೆ ತಾಗುತ್ತದೆ, ಒಂದೆರಡು ಹರ್ಟ್ಸಿನ ನಿಧಾನ ಬೀಟಿನೊಂದಿಗೆ. ಸಮ ಶ್ರುತಿಯ 300 ಮತ್ತು 700ಕ್ಕೂ ಇದಕ್ಕೂ ವ್ಯತ್ಯಾಸ ಕಾಗದದ ಮೇಲೆ ಅಲ್ಪ. ಆದರೆ ಗುಂಗು ಅರ್ಧ ನಿಮಿಷ ನಿಂತಾಗ ಕಿವಿಗೆ ಪುರುಸೊತ್ತು ಇರುತ್ತದೆ, ಎಲ್ಲ ಕೇಳಿಸುತ್ತದೆ.

ಗಂಟೆಯನ್ನು ಬಿಚ್ಚುವುದು

ಅತಿ ಸರಳ ಉಪಾಯ 1948ರದ್ದು. ಪ್ಯಾರಿಸ್ಸಿನ ರೇಡಿಯೋ ಸ್ಟುಡಿಯೋದಲ್ಲಿ ಸಂಗೀತಕಾರ ಪಿಯರ್ ಶೆಫರ್ ಡಿಸ್ಕಿನ ಮೇಲೆ ಗಂಟೆಯ ಪೆಟ್ಟನ್ನು ಬಿಟ್ಟು ಗುಂಗನ್ನಷ್ಟೇ ಹಿಡಿದರು. ಪೆಟ್ಟು ಹೋದ ಗಂಟೆ ಗಂಟೆಯಾಗಿ ಉಳಿಯಲಿಲ್ಲ, ಊದುವ ವಾದ್ಯದಂತೆ ಕೇಳಿತು. ಇಂದು ಅದು ಹತ್ತು ಸೆಕೆಂಡಿನ ಕೆಲಸ: ಮೊದಲ 100-150 ಮಿಲಿಸೆಕೆಂಡ್ ಕತ್ತರಿಸಿ, 50 ಮಿಲಿಸೆಕೆಂಡಿನ ಫೇಡ್-ಇನ್ ಕೊಡಿ. ಕತ್ತರಿಸಿ ತೆಗೆದ ಢಣ್ ಎಸೆಯಬೇಡಿ. ಅದನ್ನು ಬೇರೊಂದು ಸದ್ದಿನ ತಲೆಗೆ ಅಂಟಿಸಿದರೆ ಆ ಸದ್ದು ಗಂಟೆಯ ವೇಷ ತೊಡುತ್ತದೆ.

ಟೈಮ್-ಸ್ಟ್ರೆಚ್ (ಸ್ವರ ಬದಲಿಸದೆ ಸದ್ದನ್ನು ಹಿಗ್ಗಿಸುವುದು) ಮಾಡುವಾಗಲೂ ಇದೇ ಕತ್ತರಿ ಬೇಕು. ಇಡೀ ಸ್ಯಾಂಪಲ್ ಹಿಗ್ಗಿಸಿದರೆ ಪೆಟ್ಟು ಹರಡಿ ಮಸಿ ಬಳಿದಂತಾಗುತ್ತದೆ. ಢಣ್ ಪಕ್ಕಕ್ಕಿಟ್ಟು ಗುಂಗನ್ನು ಮಾತ್ರ ಹಿಗ್ಗಿಸಿ, ನಂತರ 20-30 ಮಿಲಿಸೆಕೆಂಡಿನ ಕ್ರಾಸ್‌ಫೇಡಿನಿಂದ ಕೂಡಿಸಿ. ಹೀಗೆ ಹಿಗ್ಗಿಸುವ ಫೇಸ್ ವೊಕೋಡರಿನ ವಿಂಡೋ (ಒಮ್ಮೆಗೆ ನೋಡುವ ತುಣುಕು) ಚಿಕ್ಕದಿದ್ದರೆ ಬೀಟುಗಳೂ ಹಿಗ್ಗಿ ನಿಧಾನವಾಗುತ್ತವೆ. ಜೋಡಿ ಸ್ವರಗಳನ್ನು ಬೇರ್ಪಡಿಸುವಷ್ಟು ಉದ್ದದ ವಿಂಡೋ ಆದರೆ ಮೂಲ ವೇಗದಲ್ಲೇ ಉಳಿಯುತ್ತವೆ. ಪಾಲ್‌ಸ್ಟ್ರೆಚ್ ಎಂಬ ಹಿಗ್ಗಿಸುವ ಪ್ರೋಗ್ರಾಮು ಫೇಸನ್ನು ಚೆಲ್ಲಾಪಿಲ್ಲಿ ಮಾಡುವುದರಿಂದ ಅಲ್ಲಿ ಬೀಟಿನ ನಿಯಮವೇ ಅಳಿಯುತ್ತದೆ, ಮಂಜಿನಂಥ ಶ್ರುತಿ ಸಿಗುತ್ತದೆ. ತಂಬೂರಿಯ ಜಾಗಕ್ಕೆ ಅದು ಚೆನ್ನ, ಅತಿಯಾಗಿ ಬಳಸಿದವರೇ ಹೆಚ್ಚು.

ಗ್ರಾನ್ಯುಲರ್‌ಗೆ (ಸದ್ದನ್ನು ಸಣ್ಣ ಕಣಗಳಾಗಿ ಕತ್ತರಿಸಿ ಹೆಣೆಯುವುದು) ಹೋದರೆ ಕಣದ ಉದ್ದ 60ರಿಂದ 200 ಮಿಲಿಸೆಕೆಂಡ್ ಇಡಿ. 110 ಹರ್ಟ್ಸಿನ ತರಂಗ ಒಂದು ಸುತ್ತು ಮುಗಿಸಲು 9 ಮಿಲಿಸೆಕೆಂಡ್ ಬೇಕು. 20 ಮಿಲಿಸೆಕೆಂಡಿನ ಕಣದಲ್ಲಿ ಎರಡೇ ಸುತ್ತು ಹಿಡಿಯುವುದರಿಂದ ಹಮ್ ಸ್ವರವಾಗಿ ನಿಲ್ಲದೆ ಗರಗರವಾಗುತ್ತದೆ. ಲೂಪ್ ಹಾಕುವವರಿಗೂ ಒಂದು ಮಾತು: ಗಂಟೆಯ ತರಂಗ ಎಂದೂ ನಿಖರವಾಗಿ ಮರುಕಳಿಸುವುದಿಲ್ಲ, ಆದ್ದರಿಂದ ‘ಸರಿಯಾದ’ ಲೂಪ್ ಬಿಂದು ಹುಡುಕುವುದು ವ್ಯರ್ಥ. ಗುಂಗಿನ ಕೊನೆಗೆ ಹೋಗಿ, ಹಮ್ ಮತ್ತು ಒಂದೆರಡು ಸ್ವರ ಮಾತ್ರ ಉಳಿದಿರುವ ಕಡೆ, 6 ಸೆಕೆಂಡಿನ ಲೂಪಿಗೆ 2-3 ಸೆಕೆಂಡಿನ ಕ್ರಾಸ್‌ಫೇಡ್ ಕೊಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಡುವ ವಿಧಾನ ರೆಸೋನೇಟರ್, ಅಂದರೆ ಒಂದೇ ಆವೃತ್ತಿಗೆ ಮೊಳಗುವ ಫಿಲ್ಟರ್. ವಾನ್ ಐಕ್ ಗಂಟೆಯ ಮುಂದೆ ಶಿಳ್ಳೆ ಹಾಕಿ ಅದರೊಳಗಿನ ಒಂದೊಂದೇ ಸ್ವರವನ್ನು ಎಬ್ಬಿಸುತ್ತಿದ್ದನಂತೆ. ನಾವು ಅದನ್ನೇ ಫಿಲ್ಟರುಗಳಲ್ಲಿ ಮಾಡುತ್ತೇವೆ. ಅಳೆದ ಎಂಟು ಆವೃತ್ತಿಗಳಿಗೆ ಎಂಟು ರೆಸೋನೇಟರ್ ಇಟ್ಟು, ಒಳಗೆ ಉಸಿರು, ಮಳೆ, ಮಾತು, ಡ್ರಮ್ ಏನನ್ನಾದರೂ ಹಾಯಿಸಿ. ಕ್ಯೂ ಮೌಲ್ಯಕ್ಕೆ (ಫಿಲ್ಟರ್ ಎಷ್ಟು ಕಿರಿದು ಎಂಬ ಅಳತೆ) ಸೂತ್ರ ಸುಲಭ: ಆವೃತ್ತಿಯನ್ನು 60 ಡೆಸಿಬೆಲ್ ಇಳಿಯುವ ಸಮಯದಿಂದ ಗುಣಿಸಿ, ಅದನ್ನು 0.455ರಿಂದ ಗುಣಿಸಿ. ಮೇಲಿನ ಗಂಟೆಯ ಹಮ್‌ಗೆ 110 × 40 × 0.455, ಅಂದರೆ ಸುಮಾರು 2000. ನಾಮಿನಲ್‌ಗೆ 440 × 10, ಉತ್ತರ ಅದೇ. ಸಾಮಾನ್ಯ ಈಕ್ಯೂ ಇಷ್ಟು ದೂರ ಹೋಗುವುದಿಲ್ಲ, ರೆಸೋನೇಟರ್ ಎಂದೇ ಬರೆದ ಸಾಧನ ಬೇಕು. ಪ್ಯೂರ್ ಡೇಟಾ, ಸೂಪರ್‌ಕೊಲೈಡರ್, ಮ್ಯಾಕ್ಸ್ ಎಲ್ಲದರಲ್ಲೂ ಇದೆ. ಜೋಡಿಗಳನ್ನು ಮರೆಯಬೇಡಿ: ಹಮ್‌ಗೆ 110 ಮತ್ತು 110.5 ಎರಡನ್ನೂ ಇಟ್ಟರೆ ಜೀವ ಬರುತ್ತದೆ, ಒಂದೇ ಇಟ್ಟರೆ ದೂರವಾಣಿಯ ಟೋನ್. ಒಳಬರುವ ಸದ್ದಿನಲ್ಲಿ ಅದೇ ಆವೃತ್ತಿ ನಿಂತು ನುಡಿದರೆ ಮಟ್ಟ ಏಕಾಏಕಿ ಏರಿ ಸ್ಪೀಕರ್‌ಗೆ ಕುತ್ತು ಬರುತ್ತದೆ, ಕೊನೆಯಲ್ಲಿ ಲಿಮಿಟರ್ (ಮಟ್ಟ ಮಿತಿ ಮೀರದಂತೆ ತಡೆಯುವ ಸಾಧನ) ಹಾಕದೆ ಪ್ರಯೋಗ ಬೇಡ. ಕನ್ವಲ್ಯೂಷನ್‌ನಲ್ಲೂ (ಗಂಟೆಯ ರೆಕಾರ್ಡಿಂಗನ್ನೇ ಫಿಲ್ಟರಾಗಿ ಬಳಸುವುದು) ಹೆಚ್ಚುಕಡಿಮೆ ಇದೇ ಫಲ, ಆದರೆ ಅಲ್ಲಿ ಉಪಸ್ವರಗಳನ್ನು ಒಂದೊಂದಾಗಿ ತಿರುಗಿಸಲು ಗುಂಡಿಯಿಲ್ಲ.

ಸೊನ್ನೆಯಿಂದಲೇ ಗಂಟೆ ಕಟ್ಟುವುದಾದರೆ ಎರಡು ಹಳೆಯ ಪಾಕಗಳು ಇಂದಿಗೂ ಸಾಕು. ಜಾನ್-ಕ್ಲೋಡ್ ರಿಸೆ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧಪಡಿಸಿದ ಧ್ವನಿ ಪಟ್ಟಿಯ ಗಂಟೆ 11 ಸೈನ್ ತರಂಗಗಳದ್ದು. ಅನುಪಾತ 0.56, 0.92, 1.19, 1.7, 2, 2.74, 3, 3.76, 4.07, ಮೊದಲ ಎರಡಕ್ಕೆ ಕ್ರಮವಾಗಿ 1 ಮತ್ತು 1.7 ಹರ್ಟ್ಸ್ ಮೇಲೆ ಒಂದೊಂದು ಜೊತೆಗಾರ. ಅತಿ ಕೆಳಗಿನದ್ದು ಪೂರ್ತಿ ಅವಧಿ ನಿಲ್ಲುತ್ತದೆ, ಅತಿ ಮೇಲಿನದ್ದು ಅದರ 0.075ರಷ್ಟು ಮಾತ್ರ. ಜಾನ್ ಚೌನಿಂಗ್ 1973ರಲ್ಲಿ ಕೊಟ್ಟ ಎಫ್‌ಎಂ ಪಾಕ (ಒಂದು ತರಂಗದ ಆವೃತ್ತಿಯನ್ನು ಇನ್ನೊಂದರಿಂದ ಅಲುಗಿಸುವುದು) ಇನ್ನೂ ಮಿತವ್ಯಯದ್ದು: ಕ್ಯಾರಿಯರ್ 200, ಮಾಡ್ಯುಲೇಟರ್ 280 ಹರ್ಟ್ಸ್, ಇಂಡೆಕ್ಸ್ 10ರಿಂದ ಸೊನ್ನೆಗೆ, ಅವಧಿ 15 ಸೆಕೆಂಡ್. ರಿಸೆ ಪಾಕದಲ್ಲಿ ನಿಮ್ಮ ಗಂಟೆಯ ಅಂಕಿಗಳನ್ನು ತುಂಬಿದರೆ ಮೊದಲು ಹೇಳಿದ ಕೊಳಕು ಗುಂಗಿನ ರಿಪೇರಿ ಆಗುತ್ತದೆ. ಪ್ರತಿ ಸೈನ್‌ನ ಮಟ್ಟವನ್ನು ಜೋಡಣೆಯ ಬಿಂದುವಿನಲ್ಲಿ ಅಳೆದ ಮಟ್ಟಕ್ಕೆ ಸಮ ಮಾಡಿ, ಒಂದು ಸೆಕೆಂಡಿನ ಕ್ರಾಸ್‌ಫೇಡ್ ಕೊಡಿ.

ಕಟ್ಟುವುದು, ಬೆರೆಸುವುದು

ಗಂಟೆಯೊಂದರಿಂದಲೇ ಇಡೀ ಕೃತಿಯ ಚೌಕಟ್ಟು ತೆಗೆದ ಉದಾಹರಣೆಯಾಗಿ ಸಂಗೀತಕಾರ ಜೊನಾಥನ್ ಹಾರ್ವೆ 1980ರಲ್ಲಿ ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಸಂಸ್ಥೆ ಇರ್ಕಾಮ್‌ನಲ್ಲಿ ಮಾಡಿದ ‘ಮಾರ್ಟುವೋಸ್ ಪ್ಲಾಂಗೋ, ವಿವೋಸ್ ವೋಕೋ’ ಇದೆ. ವಿಂಚೆಸ್ಟರ್ ಕೆಥೆಡ್ರಲಿನ ದೊಡ್ಡ ಗಂಟೆ, ಅಲ್ಲಿ ಹಾಡುತ್ತಿದ್ದ ಅವರ ಮಗನ ಧ್ವನಿ, ಇವೆರಡೇ ಸಾಮಗ್ರಿ. ಗಂಟೆಯ ಎಂಟು ಉಪಸ್ವರಗಳಿಗೆ ಒಂದೊಂದು ಭಾಗದಂತೆ ಎಂಟು ಭಾಗ, ಎಂಟು ಸ್ಪೀಕರ್. ಆ ಗಂಟೆಯಲ್ಲಿ ವಿಶ್ಲೇಷಣೆಗೆ ಸಿಗದ, ಕಿವಿಗೆ ಮಾತ್ರ ಕೇಳುವ 347 ಹರ್ಟ್ಸಿನ ಸ್ವರವೂ ಇದೆ. ಅಂಕಿ ಅಂಶ ಮುಗಿದ ಮೇಲೆ ಕಿವಿಯನ್ನೂ ಒಮ್ಮೆ ಕೇಳಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಲಯವನ್ನೂ ಗಂಟೆಯಿಂದಲೇ ತೆಗೆಯಬಹುದು. 110 ಹರ್ಟ್ಸನ್ನು ಆರು ಬಾರಿ ಅರ್ಧ ಮಾಡಿದರೆ 1.72 ಹರ್ಟ್ಸ್, ಅಂದರೆ ನಿಮಿಷಕ್ಕೆ 103 ಪೆಟ್ಟು. ಅದಕ್ಕಿಂತ ಕಿವಿಗೆ ಹತ್ತಿರವಾದದ್ದು ಗುಂಗಿನ ಬೀಟು: ಟಿಯರ್ಸ್ ಜೋಡಿಯ ಬೀಟು 0.48 ಹರ್ಟ್ಸ್ ಇದ್ದರೆ ಅದರ ನಾಲ್ಕು ಪಟ್ಟು, ನಿಮಿಷಕ್ಕೆ 115.2, ಟೆಂಪೋ ಆಗಲಿ. ಆಗ ಗುಂಗು ತಾಳದೊಳಗೆ ತೂಗುತ್ತದೆ, ಸೈಡ್‌ಚೈನ್ ಕಂಪ್ರೆಸರ್ (ತಾಳಕ್ಕೆ ತಕ್ಕಂತೆ ಮಟ್ಟ ಇಳಿಸುವ ಸಾಧನ) ಬೇಕಾಗುವುದಿಲ್ಲ. ಸ್ಯಾಂಪಲ್ಲನ್ನು ಏರಿಸಿ ಇಳಿಸಿದರೆ ಬೀಟಿನ ವೇಗವೂ ಅದೇ ಅನುಪಾತದಲ್ಲಿ ಬದಲಾಗುತ್ತದೆ ಎಂಬುದು ನೆನಪಿರಲಿ.

ಬೆರೆಸುವಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹಮ್‌ನದ್ದೇ. 40 ಸೆಕೆಂಡಿನ ಗುಂಗಿರುವ ಗಂಟೆಯನ್ನು ಎರಡು ಸೆಕೆಂಡಿಗೊಮ್ಮೆ ಬಡಿದರೆ ಒಂದರ ಮೇಲೊಂದು ಇಪ್ಪತ್ತು ಹಮ್ ಒಟ್ಟಿಕೊಳ್ಳುತ್ತವೆ. ಸ್ಯಾಂಪ್ಲರ್ ಏಕಕಾಲಕ್ಕೆ 16 ಧ್ವನಿಗೆ ಸೀಮಿತವಾಗಿದ್ದರೆ ಹಳೆಯ ಗುಂಗು ನಡುವೆಯೇ ಕತ್ತರಿಸಿ ‘ಟಕ್’ ಎನ್ನುತ್ತದೆ. ಧ್ವನಿ ಸಂಖ್ಯೆ 32ಕ್ಕೆ ಏರಿಸಿ, ಗುಂಗನ್ನು ಎನ್ವೆಲಪ್‌ನಿಂದ ಮೊಟಕು ಮಾಡಿ. ನಾಲ್ಕು ಪೆಟ್ಟಿನಲ್ಲಿ ಮೂರಕ್ಕೆ 180 ಹರ್ಟ್ಸಿನ ಹೈ-ಪಾಸ್ ಹಾಕಿ, ಒಂದಕ್ಕೆ ಮಾತ್ರ ಪೂರ್ತಿ ಹಮ್ ಬಿಡುವುದೂ ಒಳ್ಳೆಯ ಉಪಾಯ, ಯಾರಿಗೂ ತಿಳಿಯುವುದಿಲ್ಲ. ಪೆಟ್ಟಿನ ಶಿಖರ ಗುಂಗಿಗಿಂತ 15-20 ಡೆಸಿಬೆಲ್ ಮೇಲಿರುವುದರಿಂದ ಮಾಸ್ಟರ್ ಲಿಮಿಟರ್ ಪ್ರತಿ ಢಣ್‌ಗೂ ಇಡೀ ಮಿಶ್ರಣವನ್ನು ಅದುಮುತ್ತದೆ. ಢಣ್ ಅನ್ನು ಅದರ ಟ್ರ್ಯಾಕಿನಲ್ಲೇ 6 ಡೆಸಿಬೆಲ್ ಇಳಿಸಿ ಬನ್ನಿ, ಮಾಸ್ಟರಿನಲ್ಲಿ ಜಗಳ ಬೇಡ.

ಬೇರೆಯವರ ರೆಕಾರ್ಡಿಂಗ್ ಬಳಸುವಾಗ ಪರವಾನಗಿ ಓದಿ. ಸಿಸಿ-ಸೊನ್ನೆ (ಎಲ್ಲ ಹಕ್ಕು ಬಿಟ್ಟುಕೊಟ್ಟ ಪರವಾನಗಿ) ಇದ್ದರೆ ನಿರಾಳ. ವಾಣಿಜ್ಯೇತರ ಎಂದಿದ್ದರೆ ಮಾರುವ ಕೃತಿಯಲ್ಲಿ ಬಳಸುವಂತಿಲ್ಲ. ಶವಸಂಸ್ಕಾರದ ಗಂಟೆಯನ್ನು ಮನೆಯವರನ್ನು ಕೇಳದೆ ಹಿಡಿಯಬಾರದು ಎಂಬುದಕ್ಕೆ ಪರವಾನಗಿ ಬೇಕಿಲ್ಲ, ಮರ್ಯಾದೆ ಸಾಕು.

ಎಂಪಿ3 ಮಾಡುವುದಾದರೆ 256 ಕಿಲೋಬಿಟ್‌ಗಿಂತ ಕೆಳಗಿಳಿಯಬೇಡಿ. ಕಡಿಮೆ ದರದಲ್ಲಿ ಪೆಟ್ಟಿಗಿಂತ ಮುಂಚೆಯೇ ಅದರ ಸುಳಿವು ‘ಸ್ಸ್’ ಎಂದು ಸೋರುತ್ತದೆ, ಗುಂಗು ಕಲಕಿದ ನೀರಾಗುತ್ತದೆ. ರೆಂಡರ್ ಮಾಡುವಾಗ (ಕೃತಿಯನ್ನು ಒಂದೇ ಫೈಲಾಗಿ ಹೊರತೆಗೆಯುವಾಗ) ಕೊನೆಯ ಸ್ವರದ ನಂತರ ಪ್ರೋಗ್ರಾಮು ತಾನಾಗಿ ನಾಲ್ಕೈದು ಸೆಕೆಂಡು ಬಿಟ್ಟು ನಿಲ್ಲಿಸುತ್ತದೆ. ರೆಂಡರ್ ಎಲ್ಲಿ ನಿಲ್ಲಬೇಕೆಂದು ತೋರಿಸುವ ಗೆರೆಯನ್ನು ಕೈಯಾರೆ 45 ಸೆಕೆಂಡು ಮುಂದಕ್ಕೆ ಎಳೆದಿಡಿ.